ಉತ್ಸಾಹದ ಏರಿಳಿತವೂ ನಿತ್ಯದ ದುಡಿಮೆಯೂ

ಕಾರ್ಯದಲ್ಲಿ ಮನಸ್ಸಿನ ಆಸಕ್ತಿಯು ಸದಾ ಏಕರೂಪವಾಗಿರುವುದಿಲ್ಲ. ಒಂದು ದಿನ ಲೇಖನಿಯು ತಾನೇ ತಾನಾಗಿ ಓಡುತ್ತದೆ. ಮರುದಿನ ಒಂದು ವಾಕ್ಯವೂ ಮುಂದೆ ಸರಿಯದು. ಈ ಜಾಡ್ಯಕ್ಕೆ ಸ್ಫೂರ್ತಿಯ ಅಭಾವವೆಂದು ಹೆಸರಿಟ್ಟು ಸುಮ್ಮನಾಗುವುದು ಬರಹಗಾರರಲ್ಲಿ ರೂಢಿಯಾಗಿದೆ. ಈ ರೂಢಿಯನ್ನು ಒಪ್ಪದವರಲ್ಲಿ ಆಂಗ್ಲ ಕಾದಂಬರಿಕಾರ ಆಂಟನಿ ಟ್ರಾಲಪ್ (1815-1882) ಅಗ್ರಗಣ್ಯನು.

ಟ್ರಾಲಪ್‌ನು 1834ರಿಂದ 1867ರವರೆಗೆ ಅಂಚೆ ಇಲಾಖೆಯ ನೌಕರನಾಗಿದ್ದನು. ಬ್ರಿಟನ್ನಿನ ರಸ್ತೆಗಳಲ್ಲಿ ಕಾಣುವ ಕಂಬದಾಕಾರದ ಅಂಚೆಪೆಟ್ಟಿಗೆಯ ಬಳಕೆಗೆ ಕಾರಣನಾದವನೂ ಇವನೇ ಎಂಬುದನ್ನು ಸಾಹಿತ್ಯದ ವಿದ್ಯಾರ್ಥಿಗಳು ಹೆಚ್ಚಾಗಿ ಅರಿಯರು. ಇಂತಹ ಹೊಣೆಗಾರಿಕೆಯ ನಡುವೆಯೇ ಅವನ 47 ಕಾದಂಬರಿಗಳಲ್ಲಿ ಹಲವು ರಚಿತವಾದುದು ಹೇಗೆ? ಪ್ರತಿದಿನ ಬೆಳಗಿನ 5-30ಕ್ಕೆ ಅವನು ಮೇಜಿನ ಮುಂದೆ ಕುಳಿತಿರುತ್ತಿದ್ದನು. ತನ್ನನ್ನು ಎಬ್ಬಿಸುವ ಕೆಲಸಕ್ಕಾಗಿಯೇ ಮುದಿ ಕುದುರೆಯಾಳಿಗೆ ವರ್ಷಕ್ಕೆ 5 ಪೌಂಡು ಹೆಚ್ಚಾಗಿ ಕೊಡುತ್ತಿದ್ದನು. ತನ್ನ ಸಂಕಲ್ಪಬಲವನ್ನೇ ನೆಚ್ಚದೆ ಮತ್ತೊಬ್ಬನ ಕರ್ತವ್ಯಕ್ಕೆ ತನ್ನನ್ನು ಕಟ್ಟಿಹಾಕಿಕೊಂಡ ಈ ವಿವೇಕ ಗಮನಾರ್ಹವಾದುದು. ಮೊದಲ ಅರ್ಧ ಗಂಟೆ ಹಿಂದಿನ ದಿನದ ಬರಹವನ್ನು ಓದುವುದು. ಅನಂತರ ಗಡಿಯಾರವನ್ನು ಮುಂದಿಟ್ಟುಕೊಂಡು ಕಾಲು ಗಂಟೆಗೆ 250 ಪದಗಳಂತೆ ಬರೆಯುವುದು. ಓದಿನಿಂದ ಕಥೆಯ ನಾದವು ಕಿವಿಗೆ ಮರಳಿ ಬರುತ್ತಿದ್ದಿತು. ಬರಿದಾದ ಮನಸ್ಸಿನಿಂದ ಆರಂಭಿಸುವ ಕಷ್ಟ ತಪ್ಪುತ್ತಿದ್ದಿತು.

ಆದರೆ ಅವನನ್ನು ಯಂತ್ರವೆಂದು ಭಾವಿಸುವುದು ತಪ್ಪಾದೀತು. ಬರೆದ ಪುಟಗಳನ್ನು ಅವನು ದಿನವಹಿಯಲ್ಲಿ ನಮೂದಿಸುತ್ತಿದ್ದನು. ವಾರದ ಸರಾಸರಿ 40 ಪುಟ. ಕೆಲವು ವಾರ ಅದು 20ಕ್ಕೆ ಇಳಿದುದೂ ಉಂಟು, ಒಮ್ಮೆ 112ಕ್ಕೆ ಏರಿದುದೂ ಉಂಟು. ಅಂದಮೇಲೆ ಏರಿಳಿತವನ್ನು ಅವನೂ ಮೀರಿರಲಿಲ್ಲ. ಅದನ್ನು ಮರೆಮಾಚದೆ ಕಣ್ಣೆದುರಿಗೆ ಇಟ್ಟುಕೊಂಡನು, ಅಷ್ಟೇ. ಸೋಮಾರಿತನದ ವಾರವು ಲೆಕ್ಕದ ಪುಸ್ತಕದಿಂದ ದಿಟ್ಟಿಸಿ ನೋಡುವಾಗ ಮುಂದಿನ ವಾರ ಅದನ್ನು ತುಂಬಿಕೊಡದೆ ವಿಧಿಯಿರಲಿಲ್ಲ. ಪ್ರಯಾಣವೂ ನೆಪವಾಗಲಿಲ್ಲ, ರೈಲುಗಾಡಿಯಲ್ಲಿ ಸೀಸದ ಕಡ್ಡಿಯಿಂದ ಬರೆದುದನ್ನು ಪತ್ನಿಯು ನಕಲು ಮಾಡಿಕೊಡುತ್ತಿದ್ದಳು.

ಈ ಗುಟ್ಟನ್ನೆಲ್ಲ ಅವನು ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದನು. ಕಾದಂಬರಿಕಾರನನ್ನು ಪಾದರಕ್ಷೆ ಹೊಲಿಯುವವನಿಗೆ ಹೋಲಿಸಿದನು. ಗ್ರಂಥವು ಅವನ ಮರಣಾನಂತರ, 1883ರಲ್ಲಿ ಪ್ರಕಟವಾಯಿತು. ಗಡಿಯಾರ ನೋಡಿ ಬರೆದುದು ಕಲೆಯಾದೀತೆ ಎಂದು ಹಲವರು ಮೂಗು ಮುರಿದರು. ಅವನ ಕೀರ್ತಿಗೆ ಇದರಿಂದ ಕುಂದುಂಟಾಯಿತೆಂಬುದು ಅನೇಕ ವಿಮರ್ಶಕರ ಮತ. ಆಕ್ಷೇಪಿಸಿದವರು ಬಾರ್ಸೆಟ್‌ಷೈರ್ ಮಾಲೆಯ ಆರು ಕಾದಂಬರಿಗಳನ್ನು ಮತ್ತೊಮ್ಮೆ ಓದಿ ನೋಡಬಹುದಾಗಿದ್ದಿತು. ಯಾವ ಪುಟ ಉತ್ಸಾಹದ ದಿನದ್ದು, ಯಾವುದು ಬೇಸರದ ದಿನದ್ದು ಎಂದು ಅವುಗಳಲ್ಲಿ ಬೇರ್ಪಡಿಸುವುದು ಸುಲಭವಲ್ಲ.