ದಣಿವು ರೋಗವಾಗುವ ಮುನ್ನ

ದುಡಿಯುವ ದೇಹಕ್ಕೆ ದಣಿವು ಸಹಜ. ಹಗಲೆಲ್ಲ ದುಡಿದವರು ರಾತ್ರಿ ಉಂಡು ಮಲಗಿದರೆ ಬೆಳಗಿಗೆ ಆ ದಣಿವು ಕಳೆದಿರಬೇಕು; ಅದು ಆರೋಗ್ಯದ ಲಕ್ಷಣ. ಮಲಗಿ ಎದ್ದರೂ ಮೈಭಾರ ಇಳಿಯದಿದ್ದರೆ, ಪ್ರಿಯವಾಗಿದ್ದ ಕೆಲಸವೇ ಬೇಸರ ತಂದರೆ, ಮನೆಯವರ ಸಣ್ಣ ಮಾತಿಗೂ ಸಿಡುಕು ಬಂದರೆ, ಎಷ್ಟು ಮಾಡಿದರೂ ಏನೂ ಮಾಡಿಲ್ಲವೆಂದು ತೋರಿದರೆ, ಅದೂ ವಾರಗಟ್ಟಲೆ ಮುಂದುವರಿದರೆ, ಅದನ್ನು ಬರಿಯ ದಣಿವೆಂದು ತಳ್ಳಿಹಾಕಲಾಗದು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಈ ಸ್ಥಿತಿಯನ್ನು ‘ಬರ್ನ್‌ಔಟ್’ ಎಂಬ ಹೆಸರಿನಲ್ಲಿ ವಿವರಿಸಿತು. ಅದನ್ನು ರೋಗವೆಂದು ಕರೆಯದೆ, ಬಹುಕಾಲ ನಿಭಾಯಿಸದೆ ಬಿಟ್ಟ ಉದ್ಯೋಗದ ಒತ್ತಡದ ಫಲವೆಂದು ಹೇಳಿತು. ಶಕ್ತಿ ಬತ್ತುವುದು, ಕೆಲಸದಿಂದ ಮನಸ್ಸು ದೂರ ಸರಿಯುವುದು, ಕಾರ್ಯಸಾಮರ್ಥ್ಯ ಕುಗ್ಗುವುದು ಎಂಬ ಮೂರು ಅದರ ಲಕ್ಷಣಗಳು.

ಇದು ದೂರದ ಮಹಾನಗರದ ಕಚೇರಿಗಳ ಮಾತು ಎಂದು ಭಕ್ತರು ಭಾವಿಸಬಾರದು. ಭಾಲ್ಕಿ, ಔರಾದ ತಾಲೂಕುಗಳ ಕಪ್ಪು ನೆಲದಲ್ಲಿ ಜೂನ್ ಮಳೆಗೆ ಸೋಯಾ, ಉದ್ದು, ಹೆಸರು, ತೊಗರಿ ಬಿತ್ತಿದ ಕುಟುಂಬಕ್ಕೆ ಬಿಡುವೆಂಬುದು ಎಲ್ಲಿದೆ? ಕಳೆ ತೆಗೆಯುವುದು ಮುಗಿಯುವಷ್ಟರಲ್ಲಿ ಉದ್ದು, ಹೆಸರು ಕೈಗೆ ಬರುತ್ತವೆ. ಸೋಯಾ ರಾಶಿಯಾಗುತ್ತಲೇ ಕಡಲೆ, ಬಿಳಿಜೋಳದ ಬಿತ್ತನೆ. ಅದರ ಬೆನ್ನಿಗೆ ತೊಗರಿ ಕಟಾವು. ಬೀದರ ನಗರದ ಬಿದರಿ ಕುಶಲಕರ್ಮಿಯು ಸತು ಮತ್ತು ತಾಮ್ರದ ಪಾತ್ರೆಯ ಮೇಲೆ ಬೆಳ್ಳಿಯ ಎಳೆ ಕೂರಿಸುತ್ತ ಗಂಟೆಗಟ್ಟಲೆ ಕತ್ತು ಬಗ್ಗಿಸಿ ಕುಳಿತಿರುತ್ತಾನೆ. ಆಶಾ ಕಾರ್ಯಕರ್ತೆಯು ಊರಿನ ಗರ್ಭಿಣಿಯರ ಲೆಕ್ಕವನ್ನೆಲ್ಲ ಇಟ್ಟು ತನ್ನ ರಕ್ತಹೀನತೆಯನ್ನು ಮರೆಯುತ್ತಾಳೆ. ಇವರಾರೂ ನಮ್ಮ ಬಳಿ ಬಂದು ‘ನಾನು ಬಳಲಿದ್ದೇನೆ’ ಎನ್ನುವುದಿಲ್ಲ. ಮೊಣಕಾಲು ನೋವು, ಎದೆಯುರಿ, ತಲೆಶೂಲೆ ಎಂದು ಬರುತ್ತಾರೆ. ಕೊನೆಗೆ ಎದ್ದು ಹೋಗುವಾಗ ಬಾಗಿಲ ಬಳಿ ನಿಂತು ಮೆಲ್ಲಗೆ, ‘ಮೈಯಾಗ ತ್ರಾಣೇ ಇಲ್ರಿ’ ಎನ್ನುತ್ತಾರೆ. ವೈದ್ಯನಿಗೆ ಮುಖ್ಯವಾದುದು ಆ ಕೊನೆಯ ಮಾತು.

ಈ ಭಾರವು ಹೆಣ್ಣುಮಕ್ಕಳ ಮೇಲೆ ಹೆಚ್ಚು. 2019ರ ರಾಷ್ಟ್ರೀಯ ಕಾಲಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆಯು ದಿನಕ್ಕೆ ಸರಾಸರಿ 299 ನಿಮಿಷಗಳನ್ನು ಅದಕ್ಕೆ ವ್ಯಯಿಸುತ್ತಾಳೆ. ಪುರುಷನು 97 ನಿಮಿಷ. ಹೊಲದ ಕೂಲಿ ಇದರ ಹೊರಗಿನದು. ಅತಿದುಡಿಮೆಯ ಬೆಲೆಯೂ ಈಗ ತಿಳಿದಿದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು ಹೆಚ್ಚು.

ಚರಕರು ಹೇಳಿದ ನಾಲ್ಕು ಕಾರಣಗಳು

ಚರಕಸಂಹಿತೆಯ ನಿದಾನಸ್ಥಾನದಲ್ಲಿ ‘ಶೋಷ’ವೆಂಬ ವ್ಯಾಧಿಯ ವಿವರಣೆಯಿದೆ. ಶೋಷವೆಂದರೆ ಧಾತುಗಳು ಒಣಗುವುದು. ಅಲ್ಲಿ ವರ್ಣಿತವಾದುದು ನಾವು ಹೇಳುತ್ತಿರುವ ಬಳಲಿಕೆಗಿಂತ ಬಹಳ ತೀವ್ರವಾದ ರೋಗ. ಆದರೆ ಅದಕ್ಕೆ ಹೇಳಿದ ನಾಲ್ಕು ಕಾರಣಗಳು ನಮ್ಮ ಇಂದಿನ ದಿನಚರಿಯನ್ನೇ ಕಂಡು ಬರೆದಂತಿವೆ.

ಮೊದಲನೆಯದು ಸಾಹಸ, ಎಂದರೆ ಶಕ್ತಿಮೀರಿದ ಕೆಲಸ. ಅತಿಭಾರ ಹೊರುವುದಷ್ಟೇ ಅಲ್ಲ, ಅತಿಯಾಗಿ ಮಾತನಾಡುವುದನ್ನೂ ಆಚಾರ್ಯರು ಇದರಲ್ಲಿ ಸೇರಿಸಿದ್ದಾರೆ. ಶಿಕ್ಷಕರು ಇದನ್ನು ಗಮನಿಸಬೇಕು. ಎರಡನೆಯದು ಸಂಧಾರಣ, ದೇಹದ ಸಹಜ ವೇಗಗಳನ್ನು ತಡೆಯುವುದು. ತಡೆಯಬಾರದ ವೇಗಗಳು 13 ಎಂದು ಸೂತ್ರಸ್ಥಾನ ಹೇಳುತ್ತದೆ. ಮಲಮೂತ್ರಗಳೊಡನೆ ಹಸಿವು, ಬಾಯಾರಿಕೆ, ನಿದ್ರೆ, ಕಣ್ಣೀರು, ಶ್ರಮದಿಂದ ಬರುವ ಏದುಸಿರು ಕೂಡ ಆ ಪಟ್ಟಿಯಲ್ಲಿವೆ. ಹೊಲದಲ್ಲಿ ಮರೆ ಸಿಗದೆಂದು ನೀರನ್ನೇ ಕುಡಿಯದ ತಾಯಂದಿರು, ಅಳು ಬಂದರೂ ನುಂಗಿಕೊಳ್ಳುವ ಮನೆಯೊಡೆಯರು ಈ ಕಾರಣಕ್ಕೆ ಸಿಲುಕಿದವರೇ. ಮೂರನೆಯದು ಕ್ಷಯ. ದುಃಖ, ಚಿಂತೆ, ಭಯ, ಅರೆಹೊಟ್ಟೆಗಳಿಂದ ದೇಹಸಾರ ಕರಗುವುದು. ನಾಲ್ಕನೆಯದು ವಿಷಮಾಶನ, ಹೊತ್ತುಗೊತ್ತಿಲ್ಲದ, ಅಳತೆಯಿಲ್ಲದ ಊಟ. ಎಲ್ಲರೂ ಉಂಡ ಮೇಲೆ ಉಳಿದ ತಂಗಳನ್ನು ಉಣ್ಣುವ ಗೃಹಿಣಿಯು ಸಂಕೋಚದ ಹೆಸರಿನಲ್ಲಿ ವಿಷಮಾಶನವನ್ನೇ ಮಾಡುತ್ತಿದ್ದಾಳೆ.

ಅದೇ ಸಂಹಿತೆಯ ಸೂತ್ರಸ್ಥಾನದ 11ನೆಯ ಅಧ್ಯಾಯದಲ್ಲಿ ಮನುಷ್ಯನು ಅರಸಬೇಕಾದ ಮೂರು ಏಷಣೆಗಳನ್ನು ಹೇಳಿದೆ: ಪ್ರಾಣ, ಧನ, ಪರಲೋಕ. ಇವುಗಳಲ್ಲಿ ಪ್ರಾಣೇಷಣೆಗೆ ಮೊದಲ ಸ್ಥಾನ. ಪ್ರಾಣ ಹೋದರೆ ಎಲ್ಲವೂ ಹೋದಂತೆ ಎಂಬುದೇ ಅದಕ್ಕೆ ಕೊಟ್ಟ ಕಾರಣ. ಆದುದರಿಂದ ತನ್ನ ದೇಹಕ್ಕೆಂದು ಹೊತ್ತು ಮೀಸಲಿಡುವುದು ಸ್ವಾರ್ಥವಲ್ಲ, ಉಳಿದೆಲ್ಲ ಕರ್ತವ್ಯಗಳ ಬುನಾದಿ.

ಕಾಯಕಕ್ಕೂ ಒಂದು ಮಿತಿಯುಂಟು

ಕಾಯಕವನ್ನು ನಂಬಿದವರು ವಿಶ್ರಾಂತಿ ಪಡೆಯಬಹುದೇ ಎಂದು ಕೆಲವರು ನಮ್ಮನ್ನು ಕೇಳುವುದುಂಟು. ಇದಕ್ಕೆ ಉತ್ತರ ನಮ್ಮ ಜಿಲ್ಲೆಯ ಕಲ್ಯಾಣದಲ್ಲೇ ಇದೆ. ಆಯ್ದಕ್ಕಿ ಮಾರಯ್ಯನವರು ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವರು. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಅಂದಿಗೆ ಬೇಕಾದುದಕ್ಕಿಂತ ಮಿಗಿಲಾದುದನ್ನು ಅಲ್ಲಿಯೇ ಸುರಿದು ಬರುವಂತೆ ಪತ್ನಿ ಲಕ್ಕಮ್ಮನವರು ಕಳುಹಿದರು. ಇದನ್ನು ನಾವು ಲೋಭದ ವಿರುದ್ಧದ ಕಥೆಯೆಂದು ಕೇಳುತ್ತ ಬಂದಿದ್ದೇವೆ. ವೈದ್ಯನ ಕಣ್ಣಿಗೆ ಅದು ಅಳತೆಯ ಪಾಠವೂ ಹೌದು. ಇಂದಿನ ಕಾಯಕ ಇಂದಿಗೆ ಸಾಕು ಎಂದು ನಿಲ್ಲಬಲ್ಲವರು ನಾಳೆಯೂ ಕಾಯಕ ಮಾಡಬಲ್ಲರು.

ದಿನದಲ್ಲಿ ಒಂದು ಗಂಟೆ

ಇದಕ್ಕೆ ಹಣ ಬೇಕಿಲ್ಲ. ಒಂದು ಗಂಟೆಯ ಕಾಲ ಬೇಕು. ಅದನ್ನೂ ತುಂಡು ತುಂಡಾಗಿ ಹಂಚಿಕೊಳ್ಳಬಹುದು.

ಬೆಳಿಗ್ಗೆ ಎದ್ದು ಶೌಚಾದಿಗಳನ್ನು ಅವಸರವಿಲ್ಲದೆ ಮುಗಿಸಿ, ಇಷ್ಟಲಿಂಗ ಪೂಜೆಗೆ ಕುಳಿತಾಗ ಮೊಬೈಲನ್ನು ಬೇರೆ ಕೋಣೆಯಲ್ಲಿಡಿರಿ. ಆ 15 ನಿಮಿಷ ಉಸಿರು ತಾನಾಗಿ ನಿಧಾನವಾಗಲಿ. ವಾರಕ್ಕೆ ಎರಡು ದಿನವಾದರೂ ಸ್ನಾನಕ್ಕೆ ಮೊದಲು ಎಳ್ಳೆಣ್ಣೆಯನ್ನು ಬೆಚ್ಚಗೆ ಮಾಡಿ ಮೈಗೆ ಹಚ್ಚಿಕೊಳ್ಳಿರಿ. ಜ್ವರ, ಅಜೀರ್ಣವಿದ್ದಾಗ ಬೇಡ. ಪ್ರತಿರಾತ್ರಿ ಅಂಗಾಲಿಗೆ ಎಣ್ಣೆ ತಿಕ್ಕಲು ಐದು ನಿಮಿಷ ಸಾಕು.

ಊಟಕ್ಕೆ ನಿಶ್ಚಿತ ಹೊತ್ತು ಇರಲಿ. ಜೋಳದ ರೊಟ್ಟಿ, ಬೇಳೆ, ಸೊಪ್ಪಿನ ಪಲ್ಯ, ಮಜ್ಜಿಗೆ. ನಮ್ಮ ಸೀಮೆಯ ಈ ಊಟಕ್ಕಿಂತ ಬೇರೆ ಟಾನಿಕ್ ಬೇಕಿಲ್ಲ. ಬಿಸಿ ರೊಟ್ಟಿಯು ಬಡಿಯುವವಳ ತಟ್ಟೆಗೂ ಬರಲಿ. ಹಗಲು ನಿದ್ರೆ ಸಾಮಾನ್ಯವಾಗಿ ನಿಷಿದ್ಧ. ಆದರೆ ಗ್ರೀಷ್ಮದಲ್ಲಿ, ಹಾಗೂ ಶ್ರಮದಿಂದ ಬಳಲಿದವರಿಗೆ, ವೃದ್ಧರಿಗೆ ಚರಕರೇ ಅದನ್ನು ಒಪ್ಪಿದ್ದಾರೆ. ಬೀದರಿನ ಮೇ ತಿಂಗಳ ಬಿಸಿಲಲ್ಲಿ ಮಧ್ಯಾಹ್ನ ಅರ್ಧ ಗಂಟೆ ಒರಗುವುದು ಸೋಮಾರಿತನವಲ್ಲ. ವ್ಯಾಯಾಮವನ್ನು ಅರ್ಧಶಕ್ತಿಗೆ ನಿಲ್ಲಿಸಬೇಕೆಂಬುದು ಶಾಸ್ತ್ರದ ಮಾತು: ಹಣೆಯಲ್ಲಿ ಬೆವರು ಮೂಡಿ ಬಾಯಿ ಒಣಗತೊಡಗಿದರೆ ಅದೇ ಗಡಿ. ಹೊಲದ ಕೆಲಸದಲ್ಲೂ ಆ ಗುರುತು ಕಂಡಾಗ ಹತ್ತು ನಿಮಿಷ ಮರದ ನೆರಳಿಗೆ ಬರುವುದು ಲೇಸು.

ಒಂದು ಎಚ್ಚರಿಕೆ. ಬಳಲಿಕೆಯೆಂದು ಅಂಗಡಿಯಿಂದ ಅಶ್ವಗಂಧದ ಪುಡಿ ತಂದು ತಾವೇ ಸೇವಿಸಬೇಡಿರಿ. ಗರ್ಭಿಣಿಯರಿಗೂ, ಥೈರಾಯ್ಡ್ ಔಷಧಿ ತೆಗೆದುಕೊಳ್ಳುವವರಿಗೂ ಅದು ಹಿತವಲ್ಲ. ರಕ್ತಹೀನತೆ, ಮಧುಮೇಹ, ಥೈರಾಯ್ಡ್ ದೋಷ, ರಕ್ತದೊತ್ತಡಗಳೂ ಬಳಲಿಕೆಯ ವೇಷದಲ್ಲೇ ಬರುತ್ತವೆ. ಎರಡು ವಾರ ವಿಶ್ರಮಿಸಿದರೂ ತ್ರಾಣ ಮರಳದಿದ್ದರೆ ತಾಲೂಕು ಆಸ್ಪತ್ರೆಯಲ್ಲಿ ರಕ್ತ ತಪಾಸಣೆ ಮಾಡಿಸಿರಿ. ಎದೆನೋವು, ಕೈಕಾಲು ಸೋಲುವುದು ಕಂಡರೆ ಒಂದು ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಧಾವಿಸಿರಿ. ಬದುಕೇ ಬೇಡವೆನ್ನಿಸಿದರೆ ಮನೆಯವರಿಗೆ ಹೇಳಿರಿ, ವೈದ್ಯರಿಗೆ ಹೇಳಿರಿ. 14416 ಎಂಬ ಟೆಲಿ ಮಾನಸ್ ಸಹಾಯವಾಣಿಯು ಹಗಲಿರುಳೂ ಉಚಿತವಾಗಿ ಕೇಳಿಸಿಕೊಳ್ಳುತ್ತದೆ. ಸಾಲ, ಬೆಳೆನಷ್ಟಗಳಿಂದ ಕುಗ್ಗಿದ ರೈತಬಂಧುಗಳು ಈ ಸಂಖ್ಯೆಯನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಲಿ.

ಇಷ್ಟನ್ನೂ ಓದಿ, ‘ನನಗೆ ಹೊತ್ತೆಲ್ಲಿ?’ ಎಂದು ತಾಯಂದಿರು ಕೇಳಬಹುದು. ಆ ಪ್ರಶ್ನೆಗೆ ಉತ್ತರಿಸಬೇಕಾದವರು ಅವರಲ್ಲ, ಮನೆಯ ಉಳಿದವರು. ನೀರು ತುಂಬುವುದು, ಪಾತ್ರೆ ತೊಳೆಯುವುದು, ಹಾಸಿಗೆ ಹಿಡಿದ ಹಿರಿಯರ ಬಳಿ ಒಂದು ರಾತ್ರಿ ಎಚ್ಚರವಿರುವುದು, ಇವನ್ನು ಹಂಚಿಕೊಂಡರೆ ಆ ಒಂದು ಗಂಟೆ ತಾನಾಗಿ ದೊರೆಯುತ್ತದೆ. ದಾಸೋಹವು ಮನೆಯೊಳಗಿಂದಲೇ ಆರಂಭವಾಗಲಿ. ಈ ತಿಂಗಳು ಪ್ರತಿ ಮನೆಯಲ್ಲೂ ಎಲ್ಲರೂ ಕೂಡಿ ಕುಳಿತು, ಹೆಚ್ಚು ದಣಿದವರು ಯಾರೆಂದು ಕೇಳಿಕೊಂಡು, ಅವರ ಒಂದು ಕೆಲಸವನ್ನು ಮತ್ತೊಬ್ಬರು ವಹಿಸಿಕೊಳ್ಳಬೇಕೆಂದು ನಾವು ವಿನಂತಿಸುತ್ತೇವೆ. ಶರಣು ಶರಣಾರ್ಥಿ.