ಥ್ರಾಟಲ್ ಸೆನ್ಸರ್ ಹೋಗಿದೆಯೇ? ಬದಲಿಸುವ ಮುಂಚೆ 5 ವೋಲ್ಟ್ ನೋಡಿ

ಉಳ್ಳಾಗಡ್ಡಿ ಕಿತ್ತು ಚೀಲ ತುಂಬುವ ಹೊತ್ತಿಗೆ, ಇಲ್ಲವೇ ಹಿಂಗಾರಿ ಕಡಲೆ ಒಕ್ಕಲು ಮುಗಿಸಿ ಮಾರುಕಟ್ಟೆಗೆ ಹೇರುವ ಹೊತ್ತಿಗೆ ನಮ್ಮ ರೋಣ, ನರಗುಂದ, ಗಜೇಂದ್ರಗಡ ಭಾಗದ ಗ್ಯಾರೇಜುಗಳಲ್ಲಿ ಒಂದು ಮಾತು ಪದೇ ಪದೇ ಕೇಳಿಬರುತ್ತದೆ: “ಏರು ಬಂತಂದ್ರ ಗಾಡಿ ಜಗ್ಗಂಗಿಲ್ರೀ. ಸೆನ್ಸಾರ್ ಹೋಗೇತಿ ಅಂದ್ರು, ಹೊಸಾದು ಹಾಕ್ಸಿದ್ವಿ. ಮತ್ತ ಹಂಗ ಐತ್ರೀ.”

ಗಾಡಿ ರಿಪೇರಿಯೇ ನನ್ನ ಕಸುಬು. ಈ ಮಾತು ಕೇಳಿದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಬಿಡಿಭಾಗದ ಅಂಗಡಿಗಳ ಗೋಡೆಯ ಮೇಲಿನ ಬರಹ: ‘ಎಲೆಕ್ಟ್ರಿಕಲ್ ಮಾಲು ವಾಪಸ್ ಇಲ್ಲ.’ ತಪ್ಪು ಭಾಗ ಕೊಂಡರೆ ಹಣ ಹೋಯಿತು. ಎಷ್ಟೋ ಗಾಡಿಗಳಿಗೆ ಸೆನ್ಸರ್ ಒಂದೇ ಬಿಡಿಯಾಗಿ ಸಿಗುವುದೂ ಇಲ್ಲ, ಪೂರ್ತಿ ಥ್ರಾಟಲ್ ಬಾಡಿಯನ್ನೇ ಕೊಳ್ಳಬೇಕು. ಅದರ ಮೇಲೆ ಗಾಡಿ ನಿಂತ ದಿನಗಳ ಲೆಕ್ಕ ಬೇರೆ. ಮಳೆಗಾಲದಲ್ಲಿ ಹಸಿ ಉಳ್ಳಾಗಡ್ಡಿ ಚೀಲದಲ್ಲಿ ಎರಡು ದಿನ ಹೆಚ್ಚಿಗೆ ಉಳಿದರೆ ಏನಾಗುತ್ತದೆಂದು ನಿಮಗೆ ಹೇಳಬೇಕಾಗಿಲ್ಲ.

ಹಾಗಾಗಿ ಈ ವಾರ ಥ್ರಾಟಲ್ ಪೊಸಿಷನ್ ಸೆನ್ಸರ್ ನಿಜಕ್ಕೂ ಕೆಟ್ಟಿದೆಯೇ ಎಂದು ಪತ್ತೆ ಹಚ್ಚುವ ಕ್ರಮವನ್ನು ತಿಳಿಯೋಣ. ಬೇಕಾಗುವುದು ಕೆಲವು ನೂರು ರೂಪಾಯಿಯ ಒಂದು ಮಲ್ಟಿಮೀಟರ್, ಒಂದು ತೆಳ್ಳನೆ ಗುಂಡುಪಿನ್ನು, ಅರ್ಧ ತಾಸಿನ ತಾಳ್ಮೆ.

ಈ ಸೆನ್ಸರ್ ಮಾಡುವ ಕೆಲಸವೇನು?

ಪೆಟ್ರೋಲ್ ಎಂಜಿನ್ನಿಗೆ ಗಾಳಿ ಹೋಗುವ ದಾರಿಯಲ್ಲಿ ಥ್ರಾಟಲ್ ಬಾಡಿ ಇರುತ್ತದೆ. ಅದರೊಳಗೆ ನಾಣ್ಯದಂಥ ಒಂದು ತಟ್ಟೆ. ನೀವು ಎಕ್ಸಲೇಟರ್ ಒತ್ತಿದಂತೆ ಅದು ತೆರೆಯುತ್ತದೆ. ಎಷ್ಟು ತೆರೆದಿದೆ ಎಂಬುದನ್ನು ಎಂಜಿನ್ ಕಂಪ್ಯೂಟರಿಗೆ, ಅಂದರೆ ಇಸಿಎಂಗೆ, ತಿಳಿಸುವುದೇ ಈ ಸೆನ್ಸರ್. ಕಾಲುವೆಯ ತೂಬನ್ನು ಎಷ್ಟು ಎತ್ತಿದ್ದಾರೆಂದು ಹೊಲದಲ್ಲಿ ನಿಂತವನಿಗೆ ಕೂಗಿ ಹೇಳುವ ಆಳಿನಂತೆ ಎನ್ನಿ. ಕೂಗು ತಪ್ಪಾಗಿ ಕೇಳಿದರೆ ನೀರು ಕಟ್ಟುವವನ ಲೆಕ್ಕವೂ ತಪ್ಪುತ್ತದೆ.

ಸಾಮಾನ್ಯವಾಗಿ ಇದಕ್ಕೆ ಮೂರು ವೈರು. ಒಂದರಲ್ಲಿ ಇಸಿಎಂ ಕಳಿಸುವ 5 ವೋಲ್ಟ್ ಬರುತ್ತದೆ. ಇನ್ನೊಂದು ಅರ್ಥ್. ಮೂರನೆಯದು ಸಿಗ್ನಲ್. ತಟ್ಟೆ ಮುಚ್ಚಿದಾಗ ಸಿಗ್ನಲ್ ಸುಮಾರು ಅರ್ಧ ವೋಲ್ಟ್ ಇರುತ್ತದೆ, ಪೂರ್ತಿ ತೆರೆದಾಗ ನಾಲ್ಕು, ನಾಲ್ಕೂವರೆ ವೋಲ್ಟಿನ ಹತ್ತಿರ ಏರುತ್ತದೆ. ನಿಖರ ಅಂಕಿ ಗಾಡಿಯಿಂದ ಗಾಡಿಗೆ ಬದಲಾಗಬಹುದು. ಆದರೆ ಎಲ್ಲಿಯೂ ತುಂಡಾಗದೆ, ಜಿಗಿಯದೆ ಏರಬೇಕು ಎಂಬ ನಿಯಮ ಬದಲಾಗುವುದಿಲ್ಲ.

ಇತ್ತೀಚಿನ ಹೆಚ್ಚಿನ ಗಾಡಿಗಳಲ್ಲಿ ಎಕ್ಸಲೇಟರ್ ಕೇಬಲ್ಲೇ ಇಲ್ಲ. ಕಾಲಡಿಯ ಪೆಡಲಿನಲ್ಲೊಂದು ಸೆನ್ಸರ್, ಥ್ರಾಟಲಿನಲ್ಲೊಂದು, ನಡುವೆ ತಟ್ಟೆ ತಿರುಗಿಸಲು ಪುಟ್ಟ ಮೋಟರ್. ಡೀಸೆಲ್ ಪಿಕಪ್‌ಗಳಲ್ಲಿ ವೇಗದ ಲೆಕ್ಕವೆಲ್ಲ ಈ ಪೆಡಲ್ ಸೆನ್ಸರಿನದೇ. ಸುರಕ್ಷತೆಗಾಗಿ ಇವುಗಳಲ್ಲಿ ಎರಡೆರಡು ಸಿಗ್ನಲ್ ಇರುತ್ತವೆ. ಎರಡೂ ಒಂದಕ್ಕೊಂದು ಹೊಂದದಿದ್ದರೆ ಇಸಿಎಂ ಯಾವುದನ್ನೂ ನಂಬದೆ ಎಂಜಿನ್ ಶಕ್ತಿಯನ್ನು ಇಳಿಸಿಬಿಡುತ್ತದೆ. ‘ಗಾಡಿ ಕುಂಟತೈತಿ, ರೇಸೇ ಆಗವಲ್ಲದು’ ಎಂದು ಚಾಲಕರು ಹೇಳುವುದು ಈ ಸ್ಥಿತಿಯನ್ನೇ.

ಟ್ರ್ಯಾಕ್ಟರ್ ಇದ್ದವರೂ ಇದನ್ನು ಓದಬೇಕು. 2023ರ ಜನವರಿಯಿಂದ 50 ಎಚ್‌ಪಿಗೆ ಮೇಲಿನ ಹೊಸ ಟ್ರ್ಯಾಕ್ಟರುಗಳಿಗೆ ಟ್ರೆಮ್-4 ಹೊಗೆ ನಿಯಮ ಬಂದಿದೆ. ಅವುಗಳಲ್ಲಿ ಕಾಮನ್ ರೈಲ್ ಎಂಜಿನ್ ಇದ್ದರೆ ಎಕ್ಸಲೇಟರ್ ಕೆಲಸವೂ ಸೆನ್ಸರ್ ಮೂಲಕವೇ ನಡೆಯುತ್ತದೆ. ಹಳೆಯ ಮೆಕ್ಯಾನಿಕಲ್ ಪಂಪಿನ ಟ್ರ್ಯಾಕ್ಟರುಗಳಿಗೆ ಈ ತಲೆಬೇನೆ ಇಲ್ಲ.

ಮೂರು ಗಾಡಿ, ಒಂದೇ ದೂರು

ಎಂಜಿನ್ ಲ್ಯಾಂಪ್ ಹತ್ತಿ, “ಸೆನ್ಸಾರ್ ಹೋಗೇತಿ” ಎನ್ನಿಸಿಕೊಂಡು ನನ್ನ ಹತ್ತಿರ ಬಂದ ಮೂರು ಗಾಡಿಗಳ ವಿಷಯ ಹೇಳುತ್ತೇನೆ.

ಮೊದಲನೆಯದು ರೋಣದ ಹಳೆಯ ಪೆಟ್ರೋಲ್ ಕಾರು, ಕೇಬಲ್ ಥ್ರಾಟಲಿನದು. 40ರ ವೇಗದ ಆಸುಪಾಸಿನಲ್ಲಿ ಮಾತ್ರ ಜರ್ಕ್ ಹೊಡೆಯುತ್ತಿತ್ತು. ಅದಕ್ಕಿಂತ ಕೆಳಗೆ, ಮೇಲೆ ಸರಾಗ. ಮೀಟರ್ ಹಚ್ಚಿ ಪೆಡಲನ್ನು ನಿಧಾನಕ್ಕೆ ಒತ್ತಿದಾಗ ಸಿಗ್ನಲ್ 0.6ರಿಂದ ಚೆನ್ನಾಗಿ ಏರಿ, 1.3 ವೋಲ್ಟಿನ ಹತ್ತಿರ ಒಮ್ಮೆಲೇ 0.2ಕ್ಕೆ ಬಿದ್ದು ಮತ್ತೆ ಮೇಲೆದ್ದಿತು. ಮೂರು ಸಲ ಒತ್ತಿದರೂ ಬಿದ್ದದ್ದು ಅದೇ ಜಾಗದಲ್ಲಿ. ಇಂಥ ಹಳೆಯ ಸೆನ್ಸರಿನೊಳಗೆ ಇಂಗಾಲದ ಪಟ್ಟಿಯ ಮೇಲೆ ಒಂದು ಮುಳ್ಳು ಸರಿದಾಡುತ್ತದೆ. ನಾವು ದಿನಾ ಯಾವ ವೇಗದಲ್ಲಿ ಹೆಚ್ಚು ಓಡಿಸುತ್ತೇವೋ ಆ ಜಾಗದಲ್ಲೇ ಪಟ್ಟಿ ಸವೆಯುತ್ತದೆ. ಇದು ನಿಜವಾಗಿಯೂ ಕೆಟ್ಟ ಸೆನ್ಸರ್. ಬದಲಿಸಿದ ಮೇಲೆ ಸರಿಹೋಯಿತು.

ಎರಡನೆಯದು ನರಗುಂದದ ಡೀಸೆಲ್ ಪಿಕಪ್. ಉಳ್ಳಾಗಡ್ಡಿ ಹೇರಿಕೊಂಡು ಹುಬ್ಬಳ್ಳಿಗೆ ಹೊರಟಾಗ ಹೆದ್ದಾರಿಯಲ್ಲಿ ಶಕ್ತಿ ಕಳೆದುಕೊಂಡಿತ್ತು. ಸ್ಕ್ಯಾನರ್ ತೋರಿಸಿದ್ದು ಪಿ2138, ಅಂದರೆ ಪೆಡಲಿನ ಎರಡು ಸಿಗ್ನಲ್ ಹೊಂದುತ್ತಿಲ್ಲ ಎಂಬ ಕೋಡ್. ಪೂರ್ತಿ ಪೆಡಲ್ ಬದಲಿಸಬೇಕೆಂದು ಬೇರೆಡೆ ಹೇಳಿದ್ದರು. ನಾನು ಎರಡೂ ಸಿಗ್ನಲ್ ಅಳೆಯುತ್ತ ಕಪ್ಲರನ್ನು ಕೈಯಿಂದ ಅಲ್ಲಾಡಿಸಿದೆ. ಒಂದು ಸಿಗ್ನಲ್ ಸೊನ್ನೆಯಾಯಿತು. ಕಪ್ಲರ್ ಬಿಚ್ಚಿದರೆ ಪಿನ್ನುಗಳ ಮೇಲೆ ಹಸಿರು ಕಿಲುಬು. ಎರೆಮಣ್ಣಿನ ಕೆಸರು ಮೆತ್ತಿದ ಕ್ಯಾಬಿನ್ನಿಗೆ ಪೈಪಿನಿಂದ ನೀರು ಬಿಟ್ಟು ತೊಳೆಯುವ ರೂಢಿ ಅವರದು. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಪಿನ್ನು ಬಿಗಿ ಮಾಡಿ ಕೂಡಿಸಿದೆ. ಹೊಸ ಪೆಡಲ್ ಬೇಕಾಗಲಿಲ್ಲ.

ಮೂರನೆಯದು ಗಜೇಂದ್ರಗಡದ ಪೆಟ್ರೋಲ್ ಮಿನಿ ಗೂಡ್ಸ್. ಗುಡ್ಡದ ಏರಿನಲ್ಲಿ ನಿಂತೇಬಿಟ್ಟಿತ್ತು. ಕೋಡ್ ಎರಡು ಬಂದವು: ಪಿ0122, ಅಂದರೆ ಥ್ರಾಟಲ್ ಸಿಗ್ನಲ್ ಕಡಿಮೆ, ಪಿ0107, ಅಂದರೆ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರಿನ ಸಿಗ್ನಲ್ ಕಡಿಮೆ. ಎರಡು ಸೆನ್ಸರ್ ಒಂದೇ ದಿನ ಸಾಯುವುದು ಅಪರೂಪ. ಎಷ್ಟೋ ಗಾಡಿಗಳಲ್ಲಿ ಈ ಎರಡಕ್ಕೂ 5 ವೋಲ್ಟ್ ಒಂದೇ ದಾರಿಯಿಂದ ಬರುತ್ತದೆ. ಅಳೆದರೆ ಆ 5 ವೋಲ್ಟೇ ಇರಲಿಲ್ಲ. ವೈರಿನ ಗುಂಟ ಹುಡುಕುತ್ತ ಹೋದಾಗ ಒಂದು ಕಡೆ ಇಲಿ ಕಡಿದು ತಾಮ್ರ ಹೊರಬಿದ್ದು ಬಾಡಿಗೆ ತಾಗಿತ್ತು. ಕಡಲೆ ಚೀಲ ಒಟ್ಟಿದ ಶೆಡ್ಡಿನಲ್ಲೇ ಗಾಡಿಯೂ ನಿಲ್ಲುತ್ತಿತ್ತು. ವೈರು ಬೆಸುಗೆ ಹಾಕಿ ಸ್ಲೀವ್ ತೊಡಿಸಿದ ಕೂಡಲೇ ಎರಡೂ ಕೋಡ್ ಹೋದವು.

ಮೂರರಲ್ಲಿ ಹೊಸ ಸೆನ್ಸರ್ ಬೇಕಾದದ್ದು ಒಂದಕ್ಕೆ ಮಾತ್ರ. ಸ್ಕ್ಯಾನರ್ ಹೇಳುವುದು ಯಾವ ದಾರಿಯಲ್ಲಿ ತೊಂದರೆ ಇದೆ ಎಂದಷ್ಟೇ. ಆ ದಾರಿಯಲ್ಲಿ ಸೆನ್ಸರ್ ಇದೆ, ಕಪ್ಲರ್ ಇದೆ, ವೈರು ಇದೆ, ಅರ್ಥ್ ಇದೆ. ಕೆಟ್ಟದ್ದು ಯಾವುದೆಂದು ಹುಡುಕುವ ಕೆಲಸ ನಮ್ಮದು.

ಪರೀಕ್ಷೆಯ ಕ್ರಮ

ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ನ್ಯೂಟ್ರಲ್ ಮಾಡಿ, ಹ್ಯಾಂಡ್ ಬ್ರೇಕ್ ಎಳೆಯಿರಿ.

1. ಕೋಡ್ ಬರೆದಿಟ್ಟುಕೊಳ್ಳಿ. ಅಳಿಸುವ ಮುಂಚೆ ಫೋಟೋ ತೆಗೆದಿಡಿ. “ಬ್ಯಾಟರಿ ಟರ್ಮಿನಲ್ ಬಿಚ್ಚಿ ಹಾಕ್ರಿ, ಸರಿ ಆಕ್ಕೈತಿ” ಎಂಬ ಸಲಹೆಯನ್ನು ಈ ಹಂತದಲ್ಲಿ ಕೇಳಬೇಡಿ. ಬಹಳಷ್ಟು ಗಾಡಿಗಳಲ್ಲಿ ಕೋಡೂ ಅಳಿಯುತ್ತದೆ, ಇಸಿಎಂ ಕಲಿತಿಟ್ಟ ಸ್ಲೋ ರನ್ನಿಂಗ್ ಲೆಕ್ಕವೂ ಹೋಗುತ್ತದೆ. ಕಾರಣ ಮಾತ್ರ ಅಲ್ಲೇ ಉಳಿಯುತ್ತದೆ.

2. ಬ್ಯಾಟರಿ ಅಳೆಯಿರಿ. ಎಂಜಿನ್ ಆಫ್ ಇದ್ದಾಗ ಸುಮಾರು 12.4 ವೋಲ್ಟಿಗೆ ಮೇಲೆ, ಓಡುವಾಗ ಸಾಮಾನ್ಯವಾಗಿ 13.5ರಿಂದ 14.5ರೊಳಗೆ ಇರಬೇಕು. ಬ್ಯಾಟರಿ ಸೋತಿದ್ದರೆ ಸೆನ್ಸರುಗಳೆಲ್ಲ ಸುಳ್ಳು ಹೇಳತೊಡಗುತ್ತವೆ.

3. ಕಣ್ಣಿನಿಂದ ನೋಡಿ. ಕಪ್ಲರ್ ಸಡಿಲವೇ, ಕಿಲುಬು ಹಿಡಿದಿದೆಯೇ, ವೈರನ್ನು ಇಲಿ ಕಡಿದಿದೆಯೇ, ಎಂಜಿನ್ನಿನಿಂದ ಬಾಡಿಗೆ ಹೋಗುವ ಅರ್ಥ್ ಪಟ್ಟಿ ಬಿಗಿಯಾಗಿದೆಯೇ?

4. ಥ್ರಾಟಲ್ ಬಾಡಿಯ ಒಳಗೆ ನೋಡಿ. ಎಣ್ಣೆಯ ಆವಿಗೆ ದೂಳು ಸೇರಿ ತಟ್ಟೆಯ ಅಂಚಿಗೆ ಮಸಿ ಕಟ್ಟುತ್ತದೆ. ಏರ್ ಫಿಲ್ಟರ್ ಹಳೆಯದಾಗಿದ್ದರೆ ನಮ್ಮ ಎರೆಭೂಮಿಯ ದೂಳಿನಲ್ಲಿ ಇದು ಬೇಗ ಆಗುತ್ತದೆ. ಕಾಲು ತೆಗೆದ ಕೂಡಲೇ ಎಂಜಿನ್ ಬಂದ್ ಆಗುವುದಕ್ಕೆ, ಸ್ಲೋ ರನ್ನಿಂಗ್ ಏರಿಳಿಯುವುದಕ್ಕೆ ಬರೀ ಈ ಮಸಿಯೂ ಕಾರಣವಾಗಬಹುದು. ಚಾವಿ ತೆಗೆದು, ಥ್ರಾಟಲ್ ಕ್ಲೀನರ್ ಮತ್ತು ಮೆತ್ತನೆ ಬಟ್ಟೆಯಿಂದ ಒರೆಸಿ.

5. 5 ವೋಲ್ಟ್ ನೋಡಿ. ಚಾವಿ ಆಫ್ ಮಾಡಿ ಕಪ್ಲರ್ ಬಿಚ್ಚಿ. ಆಮೇಲೆ ಎಂಜಿನ್ ಚಾಲೂ ಮಾಡದೆ ಚಾವಿ ಮಾತ್ರ ಆನ್ ಮಾಡಿ, ಕಪ್ಲರಿನ 5 ವೋಲ್ಟ್ ಪಿನ್ನಿಗೂ ಅರ್ಥ್ ಪಿನ್ನಿಗೂ ಮೀಟರ್ ಹಚ್ಚಿ. 5ರ ಹತ್ತಿರ ಬಂದರೆ ಇಸಿಎಂನಿಂದ ಇಲ್ಲಿಯವರೆಗೆ ದಾರಿ ಸರಿ. ಬರದಿದ್ದರೆ ಮೀಟರಿನ ಕಪ್ಪು ಕಡ್ಡಿಯನ್ನು ಬ್ಯಾಟರಿ ಮೈನಸ್ಸಿಗೆ ಇಟ್ಟು ಇನ್ನೊಮ್ಮೆ ನೋಡಿ. ಆಗ ಬಂತೆಂದರೆ ತಪ್ಪು ಅರ್ಥ್ ವೈರಿನದು. ಆಗಲೂ ಬರದಿದ್ದರೆ ಅದೇ ದಾರಿಯ ಬೇರೆ ಸೆನ್ಸರುಗಳ ಕಪ್ಲರನ್ನು ಒಂದೊಂದಾಗಿ ಬಿಚ್ಚಿ. ಯಾವುದನ್ನು ಬಿಚ್ಚಿದಾಗ 5 ವೋಲ್ಟ್ ಮರಳುತ್ತದೋ ಕಳ್ಳ ಆ ಕಡೆಯೇ ಇದ್ದಾನೆ. ಇಲ್ಲವಾದರೆ ವೈರು ಹುಡುಕಿ. ಇಸಿಎಂ ಮೇಲೆ ಸಂಶಯ ಕಟ್ಟಕಡೆಗೆ.

6. ಸಿಗ್ನಲ್ ನೋಡಿ. ಚಾವಿ ಆಫ್ ಮಾಡಿ ಕಪ್ಲರ್ ಮತ್ತೆ ಕೂಡಿಸಿ, ಆಮೇಲೆ ಆನ್ ಮಾಡಿ. ಕಪ್ಲರಿನ ಹಿಂಬದಿಯಿಂದ ಸಿಗ್ನಲ್ ವೈರಿನ ಪಕ್ಕದಲ್ಲಿ ಗುಂಡುಪಿನ್ನನ್ನು ಮೆಲ್ಲಗೆ ತೂರಿಸಿ ಮೀಟರ್ ಹಚ್ಚಿ. ಜೊತೆಗಾರರೊಬ್ಬರು ಪೆಡಲನ್ನು ಇರುವೆ ನಡಿಗೆಯಲ್ಲಿ ಒತ್ತಲಿ, ಹಾಗೇ ಬಿಡಲಿ. ಎಲ್ಲಾದರೂ ಬಿದ್ದರೆ, ಜಿಗಿದರೆ ಆ ಅಂಕಿ ಬರೆದುಕೊಳ್ಳಿ. ಕ್ಷಣಮಾತ್ರದ ಬೀಳನ್ನು ಡಿಜಿಟಲ್ ಮೀಟರ್ ತಪ್ಪಿಸಿಬಿಡಬಹುದು, ಮುಳ್ಳಿನ ಮೀಟರಿನಲ್ಲಿ ಅದು ಚೆನ್ನಾಗಿ ಕಾಣುತ್ತದೆ.

7. ಅಲ್ಲಾಡಿಸಿ ನೋಡಿ. ಮೀಟರ್ ಹಚ್ಚಿದಂತೆಯೇ ವೈರು, ಕಪ್ಲರ್ ಅಲುಗಿಸಿ. ಆಮೇಲೆ ಸೆನ್ಸರನ್ನು ಸ್ಕ್ರೂಡ್ರೈವರ್ ಹಿಡಿಕೆಯಿಂದ ಮೆಲ್ಲಗೆ ತಟ್ಟಿ. ವೈರು ಅಲುಗಿದಾಗ ಅಂಕಿ ಬಿದ್ದರೆ ತಪ್ಪು ವೈರಿನದು ಅಥವಾ ಕಪ್ಲರಿನದು. ಪ್ರತಿಸಲವೂ ಪೆಡಲಿನ ಒಂದೇ ಜಾಗದಲ್ಲಿ ಬಿದ್ದರೆ, ಇಲ್ಲವೇ ತಟ್ಟಿದಾಗ ಬಿದ್ದರೆ, ತಪ್ಪು ಸೆನ್ಸರಿನದು. 5 ವೋಲ್ಟ್, ಅರ್ಥ್ ಎರಡೂ ಸರಿಯಿದ್ದು, ವೈರೂ ಗಟ್ಟಿಯಿದ್ದು, ಸಿಗ್ನಲ್ ಒಂದೇ ಕಾರಣವಿಲ್ಲದೆ ಕೆಡುತ್ತಿದ್ದರೆ ಆಗ ಧೈರ್ಯವಾಗಿ ಹೊಸದು ತನ್ನಿ.

ಮಾಡಬಾರದ್ದು

ಸೆನ್ಸರ್ ವೈರುಗಳಿಗೆ ಬಲ್ಬಿನ ಟೆಸ್ಟ್ ಲ್ಯಾಂಪ್ ಹಚ್ಚಬೇಡಿ. ಬಲ್ಬು ಎಳೆಯುವ ಕರೆಂಟ್ ತಡೆಯುವ ಶಕ್ತಿ ಈ ದಾರಿಗಿಲ್ಲ, ಇಸಿಎಂ ಸುಟ್ಟರೆ ಖರ್ಚು ಎಷ್ಟೋ ಪಟ್ಟು. ವೈರಿನ ಮೈಗೆ ಪಿನ್ನು ಚುಚ್ಚಬೇಡಿ, ಆ ತೂತಿನಿಂದ ನೀರು ಇಳಿದು ಒಳಗಿನ ತಾಮ್ರ ಕೊಳೆಯುತ್ತದೆ. ಮೋಟರ್ ಇರುವ ಥ್ರಾಟಲಿನಲ್ಲಿ ಚಾವಿ ಆನ್ ಇದ್ದಾಗ ಬೆರಳು ಹಾಕಬೇಡಿ, ತಟ್ಟೆ ತಾನಾಗಿ ತಿರುಗಿ ಬೆರಳು ಸಿಕ್ಕಿಬೀಳುತ್ತದೆ. ಹೊಸ ಮಾದರಿಯ, ಒಳಗೆ ಪಟ್ಟಿ ಇಲ್ಲದೆ ಅಯಸ್ಕಾಂತದಿಂದ ನಡೆಯುವ ಸೆನ್ಸರುಗಳನ್ನು ಓಮ್ಸ್‌ನಲ್ಲಿ ಅಳೆದು ತೀರ್ಮಾನಕ್ಕೆ ಬರಬೇಡಿ, ಅವುಗಳಿಗೆ ವೋಲ್ಟ್ ಪರೀಕ್ಷೆಯೇ ಸರಿ. ಗಾಡಿ ವಾರಂಟಿಯಲ್ಲಿದ್ದರೆ ಏನನ್ನೂ ಬಿಚ್ಚದೆ, ಕೋಡ್ ಬರೆದುಕೊಂಡು ಕಂಪನಿಯ ಸರ್ವಿಸ್ ಸೆಂಟರಿಗೇ ಒಯ್ಯಿರಿ.

ದಾರಿಯಲ್ಲಿ ಕೈಕೊಟ್ಟರೆ

ಲೋಡ್ ಇದ್ದಾಗ ಒಮ್ಮೆಲೇ ರೇಸ್ ಆಗದಿದ್ದರೆ ಇಂಡಿಕೇಟರ್ ಹಾಕಿ ಪಕ್ಕಕ್ಕೆ ನಿಲ್ಲಿಸಿ. ಎಂಜಿನ್ ಬಂದ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಚಾಲೂ ಮಾಡಿ. ಕೆಲವೊಮ್ಮೆ ಶಕ್ತಿ ಮರಳುತ್ತದೆ. ಮರಳಿತೆಂದು ಏರು ಹತ್ತಿಸಲು ಹೋಗಬೇಡಿ, ನಡು ಏರಿನಲ್ಲಿ ಮತ್ತೆ ಕೈಕೊಟ್ಟರೆ ಲೋಡ್ ಗಾಡಿಯನ್ನು ಹಿಡಿಯುವುದು ಕಷ್ಟ. ಹತ್ತಿರದ ಊರಿಗೆ ನಿಧಾನ ಹೋಗಿ, ಮಾಲು ಕೆಡುವಂಥದ್ದಾದರೆ ಬೇರೆ ಗಾಡಿಗೆ ಹೇರಿಸಿ ಕಳಿಸಿ, ಆಮೇಲೆ ರಿಪೇರಿಯ ವಿಚಾರ.

ಗ್ಯಾರೇಜಿನಲ್ಲಿ ಕೇಳಬೇಕಾದ ಮೂರು ಪ್ರಶ್ನೆ

ಮೀಟರ್ ಹಿಡಿಯಲು ಎಲ್ಲರಿಗೂ ಆಗದು. ಆದರೆ ಯಾರಾದರೂ “ಸೆನ್ಸಾರ್ ಬದಲಿ ಮಾಡ್ಬೇಕ್ರಿ” ಅಂದಾಗ ಈ ಮೂರು ಮಾತು ಕೇಳಲು ಯಾವ ಖರ್ಚೂ ಇಲ್ಲ: “ಕೋಡ್ ಯಾವ್ದು ಬಂದೈತಿ? ಕಪ್ಲರ್‌ನ್ಯಾಗ 5 ವೋಲ್ಟ್ ಬರ್ತೈತೇನ್ರಿ? ಸಿಗ್ನಲ್ ಎಲ್ಲಿ ಬೀಳ್ತೈತಿ, ನನಗೂ ತೋರಸ್ರಿ.” ಕಸುಬು ಬಲ್ಲ ಮಿಸ್ತ್ರಿ ಬೇಸರ ಮಾಡಿಕೊಳ್ಳದೆ ಮೀಟರ್ ಹಚ್ಚಿ ತೋರಿಸುತ್ತಾನೆ. ಉತ್ತರ ಸಿಗದಿದ್ದರೆ ಹಳೆಯ ಸೆನ್ಸರನ್ನು ಬಿಚ್ಚಲು ಬಿಡಬೇಡಿ.

ಹೊಸದು ಹಾಕಿಸಿದರೆ ಕೋಡ್ ಅಳಿಸಿ, ಆ ಗಾಡಿಗೆ ಹೇಳಿದ ಕ್ರಮದಲ್ಲಿ ಸ್ಲೋ ರನ್ನಿಂಗ್ ಮತ್ತೆ ಕಲಿಸಿಕೊಳ್ಳಬೇಕು. ನಂತರ ಖಾಲಿ ಗಾಡಿಯನ್ನು ಒಂದು ಸುತ್ತು ಓಡಿಸಿ ನೋಡಿಯೇ ಲೋಡ್ ಹಾಕಿ. ಸುಗ್ಗಿ ಶುರುವಾಗುವ ಮುಂಚೆ ಏರ್ ಫಿಲ್ಟರ್ ನೋಡಿ, ಕಪ್ಲರುಗಳನ್ನು ಒಣಗಿಸಿ ಬಿಗಿ ಮಾಡಿಸಿ. ಗಾಡಿ ನಿಲ್ಲುವ ಜಾಗವನ್ನು ಕಾಳಿನ ಚೀಲದಿಂದ, ಹೊಟ್ಟಿನ ಬಣವೆಯಿಂದ ದೂರ ಮಾಡಿ.