ಹಳೆಯ ಆಟದ ಪೆಟ್ಟಿಗೆಗೆ ಮರುಜೀವ

ಮಕ್ಕಳೇ, ಮೊಬೈಲಿನಲ್ಲಿ ಆಡುವ ಆಟಗಳು ನಿಮಗೆಲ್ಲ ಗೊತ್ತು. ಆದರೆ ಒಂದು ಕಾಲದಲ್ಲಿ ಒಂದೇ ಒಂದು ಆಟ ಆಡಲು ಬೀರುವಿನಷ್ಟು ದೊಡ್ಡ ಪೆಟ್ಟಿಗೆ ಬೇಕಾಗಿತ್ತು ಎಂದರೆ ನಂಬುತ್ತೀರಾ? ಮರದ ಪೆಟ್ಟಿಗೆ, ಎದುರಿಗೆ ಪರದೆ, ಅದರ ಕೆಳಗೆ ಒತ್ತುಗುಂಡಿಗಳು, ಇನ್ನೂ ಕೆಳಗೆ ನಾಣ್ಯ ಹಾಕುವ ಸೀಳು. ನಾಣ್ಯ ಹಾಕಿದರೆ ಆಟ ಶುರು. ಸೋತರೆ ಇನ್ನೊಂದು ನಾಣ್ಯ! 1970 ಮತ್ತು 80ರ ದಶಕಗಳಲ್ಲಿ ಜಪಾನ್, ಅಮೆರಿಕಗಳ ಪೇಟೆಗಳಲ್ಲಿ ಇಂಥ ಯಂತ್ರಗಳು ಸಾಲಾಗಿ ನಿಂತಿರುತ್ತಿದ್ದವು. ಇವುಗಳಿಗೆ ಆರ್ಕೇಡ್ ಯಂತ್ರಗಳೆಂದು ಹೆಸರು.

ಮನೆಮನೆಗೆ ಕಂಪ್ಯೂಟರ್ ಬಂದ ಮೇಲೆ ಅವು ಮೂಲೆ ಸೇರಿದವು. ಈಗ ಅಲ್ಲಿ ಕೆಲವರು ಕೆಟ್ಟು ನಿಂತ ಯಂತ್ರಗಳನ್ನು ಮನೆಗೆ ತಂದು, ತಿಂಗಳುಗಟ್ಟಲೆ ಕುಳಿತು ಸರಿಪಡಿಸುತ್ತಾರೆ. ಇದೊಂದು ಹವ್ಯಾಸ. ಆದರೆ ಇದರಲ್ಲಿ ನೀವು ಪಾಠದಲ್ಲಿ ಓದುವ ಬೆಳಕು, ವಿದ್ಯುತ್ತು, ಆಮ್ಲ, ಪ್ರತ್ಯಾಮ್ಲ ಎಲ್ಲವೂ ಇವೆ. ಏಕೆಂದರೆ ಯಂತ್ರದ ಒಳಗಿನ ಒಂದೊಂದು ಭಾಗಕ್ಕೂ ಒಂದೊಂದು ರೀತಿಯಲ್ಲಿ ವಯಸ್ಸಾಗುತ್ತದೆ. ಯಾವುದು ಹೇಗೆ ಮುದಿಯಾಯಿತು ಎಂದು ತಿಳಿಯದೆ ರಿಪೇರಿ ಸಾಧ್ಯವಿಲ್ಲ.

ಒಂದು ಪ್ರಸಿದ್ಧ ಯಂತ್ರವನ್ನೇ ನೋಡೋಣ. ಹೆಸರು ‘ಸ್ಪೇಸ್ ಇನ್ವೇಡರ್ಸ್’. ಅಂದರೆ ಅಂತರಿಕ್ಷದಿಂದ ದಾಳಿಗೆ ಬಂದವರು. ಜಪಾನಿನ ಟೈಟೊ ಕಂಪನಿಯ ತೊಮೊಹಿರೊ ನಿಶಿಕಾದೊ ಎಂಬ ಎಂಜಿನಿಯರ್ ಇದನ್ನು ರೂಪಿಸಿದರು. 1978ರಲ್ಲಿ ಇದು ಮಾರುಕಟ್ಟೆಗೆ ಬಂತು. ಪರದೆಯ ಮೇಲಿಂದ 5 ಸಾಲುಗಳಲ್ಲಿ, ಸಾಲಿಗೆ 11ರಂತೆ 55 ವಿಚಿತ್ರ ಜೀವಿಗಳು ಅತ್ತಿತ್ತ ಸರಿಯುತ್ತಾ ಕೆಳಗಿಳಿಯುತ್ತವೆ. ಅವು ನೆಲ ಮುಟ್ಟುವ ಮೊದಲೇ ಹೊಡೆಯಬೇಕು.

ಹೊಡೆದಷ್ಟೂ ಉಳಿದ ಜೀವಿಗಳ ವೇಗ ಹೆಚ್ಚುತ್ತದೆ. ಏಕೆ ಗೊತ್ತೇ? ಈ ಯಂತ್ರದ ಮಿದುಳು ಇಂಟೆಲ್ 8080 ಎಂಬ ಚಿಪ್ಪು. ಇಂದಿನ ಚಿಪ್ಪುಗಳ ಮುಂದೆ ಅದು ಬಲು ನಿಧಾನಿ. ಪರದೆಯ ಚಿತ್ರ ಸೆಕೆಂಡಿಗೆ ಸುಮಾರು 60 ಬಾರಿ ಹೊಸದಾಗಿ ಮೂಡುತ್ತದೆ. ಪ್ರತಿ ಬಾರಿಗೆ ಒಂದೇ ಒಂದು ಜೀವಿ ಹೆಜ್ಜೆ ಇಡುತ್ತದೆ. 55 ಜೀವಿಗಳಿದ್ದಾಗ ಎಲ್ಲವೂ ಒಂದೊಂದು ಹೆಜ್ಜೆ ಇಟ್ಟು ಮುಗಿಸಲು 55/60 ಸೆಕೆಂಡು ಬೇಕು. ಅಂದರೆ ಹೆಚ್ಚುಕಡಿಮೆ ಒಂದು ಸೆಕೆಂಡು. ಆರೇ ಉಳಿದರೆ? ಲೆಕ್ಕ ಹಾಕಿ: 6/60, ಅಂದರೆ ಸೆಕೆಂಡಿನ ಹತ್ತನೆಯ ಒಂದು ಭಾಗ ಸಾಕು. ಹೀಗೆ ವೇಗ ತಾನಾಗಿಯೇ ಹೆಚ್ಚುತ್ತದೆ. ಇದು ಯೋಚಿಸಿ ಮಾಡಿದ್ದಲ್ಲ. ಆದರೆ ಇದರಿಂದ ಆಟ ರಂಗೇರುವುದನ್ನು ಕಂಡು ನಿಶಿಕಾದೊ ಅದನ್ನು ಹಾಗೆಯೇ ಉಳಿಸಿಕೊಂಡರು.

ಬೆಳಕಿನ ಜಾಣತನವೂ ಇಲ್ಲಿದೆ. ನಿಂತು ಆಡುವ ಪೆಟ್ಟಿಗೆಯಲ್ಲಿ ಆಟಗಾರನಿಗೆ ಪರದೆ ನೇರವಾಗಿ ಕಾಣುವುದಿಲ್ಲ. ಅದು ಒಳಗೆ ಮರೆಯಲ್ಲಿದೆ. ಅದರ ಚಿತ್ರ ಓರೆಯಾಗಿ ನಿಲ್ಲಿಸಿದ ಒಂದು ಅರೆಗನ್ನಡಿಯ ಮೇಲೆ ಬೀಳುತ್ತದೆ. ಅರೆಗನ್ನಡಿ ಬೆಳಕಿನ ಒಂದು ಪಾಲನ್ನು ಪ್ರತಿಫಲಿಸಿ, ಉಳಿದದ್ದನ್ನು ದಾಟಲು ಬಿಡುತ್ತದೆ. ಅದರ ಹಿಂದೆ ಚಂದ್ರ ಮತ್ತು ನಕ್ಷತ್ರಗಳ ಚಿತ್ರವಿದೆ. ನೋಡುವವರಿಗೆ ಜೀವಿಗಳು ಚಂದ್ರನ ಮುಂದೆ ತೇಲಿದಂತೆ ಕಾಣುತ್ತವೆ! ಸಂಜೆ ದೀಪ ಹಚ್ಚಿದ ಮೇಲೆ ಕಿಟಕಿಯ ಗಾಜು ನೋಡಿ. ಹೊರಗಿನ ಮರವೂ ಕಾಣುತ್ತದೆ, ನಿಮ್ಮ ಮುಖವೂ ಕಾಣುತ್ತದೆ. ಅದೇ ಇದು. ಆದರೆ ಕನ್ನಡಿ ಚಿತ್ರವನ್ನು ತಿರುವುಮುರುವು ಮಾಡುತ್ತದೆಯಲ್ಲ? ಅದಕ್ಕೆ ಪರದೆಯ ಮೇಲೆ ಮೊದಲೇ ತಿರುವುಮುರುವಾದ ಚಿತ್ರ ಮೂಡಿಸಬೇಕು. ಆ ಪರದೆ ಬರೀ ಕಪ್ಪು-ಬಿಳುಪಿನದು. ಬಣ್ಣದ ಪಾರದರ್ಶಕ ಹಾಳೆಯ ಪಟ್ಟಿಗಳ ಮೂಲಕ ನೋಡುವುದರಿಂದ ಹಸಿರು, ಕಿತ್ತಳೆ ಬಣ್ಣಗಳು ಕಾಣುತ್ತವೆ.

ಮುಟ್ಟಬಾರದ ಗಾಜು

ಈಗ ರಿಪೇರಿಗೆ ಬರೋಣ. ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಅಪಾಯದ ಭಾಗ ಪರದೆಯ ಪಿಕ್ಚರ್ ಟ್ಯೂಬ್. ನಮ್ಮ ಮನೆಗಳಲ್ಲಿದ್ದ, ಹಿಂದೆ ಉಬ್ಬಿದ ಹಳೆಯ ಟಿ.ವಿ.ಯಲ್ಲಿಯೂ ಇದೇ ಇತ್ತು. ಇದು ಗಾಳಿ ತೆಗೆದ ದೊಡ್ಡ ಗಾಜಿನ ಬುರುಡೆ. ಹಿಂಭಾಗದಲ್ಲಿ ಕಾದ ಲೋಹದಿಂದ ಎಲೆಕ್ಟ್ರಾನುಗಳು ಹೊರಟು, ಮುಂಭಾಗದ ಫಾಸ್ಫರ್ ಲೇಪಕ್ಕೆ ಬಡಿಯುತ್ತವೆ. ಬಡಿದ ಜಾಗ ಬೆಳಗುತ್ತದೆ. ಎಲೆಕ್ಟ್ರಾನುಗಳನ್ನು ಅಷ್ಟು ವೇಗವಾಗಿ ಎಳೆಯಲು ಹತ್ತು ಸಾವಿರಕ್ಕೂ ಹೆಚ್ಚು ವೋಲ್ಟ್ ಬೇಕು. ಬಣ್ಣದ ಟ್ಯೂಬಿಗೆ 20 ಸಾವಿರವೂ ದಾಟುತ್ತದೆ. ನಮ್ಮ ಮನೆಯ ವಿದ್ಯುತ್ತು 230 ವೋಲ್ಟ್ ಮಾತ್ರ!

ಪ್ಲಗ್ ಕಿತ್ತರೆ ಅಪಾಯ ಹೋಯಿತು ಎಂದುಕೊಳ್ಳಬೇಡಿ. ಟ್ಯೂಬಿನ ಗಾಜಿನ ಒಳಮೈಗೂ ಹೊರಮೈಗೂ ವಿದ್ಯುತ್ತನ್ನು ಹರಿಸಬಲ್ಲ ಲೇಪಗಳಿವೆ. ಎರಡು ವಾಹಕಗಳ ನಡುವೆ ಒಂದು ಅವಾಹಕ. ಅಂದರೆ ಟ್ಯೂಬೇ ಒಂದು ಕೆಪಾಸಿಟರ್ ಆಯಿತು. ಕೆಪಾಸಿಟರ್ ವಿದ್ಯುದಾವೇಶವನ್ನು ಹಿಡಿದಿಟ್ಟುಕೊಳ್ಳುತ್ತದೆ. ಆರಿಸಿದ ಎಷ್ಟೋ ಹೊತ್ತಿನ ನಂತರವೂ ಅದು ಜೋರಾದ ಹೊಡೆತ ಕೊಡಬಲ್ಲದು. ತರಬೇತಿ ಪಡೆದವರು ಮೊದಲು ಆ ಆವೇಶವನ್ನು ಸುರಕ್ಷಿತವಾಗಿ ಇಳಿಸಿ, ಆಮೇಲೆ ಕೈ ಹಾಕುತ್ತಾರೆ. ಗಾಜು ಒಡೆದರೆ ಹೊರಗಿನ ಗಾಳಿಯ ಒತ್ತಡಕ್ಕೆ ಚೂರುಗಳು ಸಿಡಿಯುತ್ತವೆ. ಆದ್ದರಿಂದ ಗುಜರಿಗೆ ಹಾಕಿದ ಹಳೆಯ ಟಿ.ವಿ. ಕಂಡರೂ ನೀವು ಬಿಚ್ಚಲು ಹೋಗಬೇಡಿ. ಕಲ್ಲು ಹೊಡೆಯುವುದಂತೂ ಬೇಡವೇ ಬೇಡ.

ಒಣಗಿದ್ದು, ಸೋರಿದ್ದು, ಮರೆತದ್ದು

ಚಿತ್ರ ನಡುಗುತ್ತಿದೆ, ಗುಂಯ್ ಎಂಬ ಸದ್ದು ಬರುತ್ತಿದೆ ಎಂದರೆ ಮೊದಲ ಅನುಮಾನ ಸಣ್ಣ ಡಬ್ಬಿಯಂಥ ಎಲೆಕ್ಟ್ರೊಲೈಟಿಕ್ ಕೆಪಾಸಿಟರುಗಳ ಮೇಲೆ. ಅವುಗಳೊಳಗೆ ಅಲ್ಯೂಮಿನಿಯಂ ಹಾಳೆ ಮತ್ತು ದ್ರವದಲ್ಲಿ ನೆನೆಸಿದ ಕಾಗದದ ಸುರುಳಿ ಇರುತ್ತದೆ. ವರ್ಷಗಳು ಕಳೆದಂತೆ ದ್ರವ ಒಣಗುತ್ತದೆ. ಇವನ್ನು ಬಿಸಿ ಸೋಲ್ಡರಿಂಗ್ ಕಡ್ಡಿಯಿಂದ ಬಿಡಿಸಿ ಹೊಸದನ್ನು ಬೆಸೆಯುತ್ತಾರೆ. ಬೆಲೆ ಕಡಿಮೆ, ಗುಣ ದೊಡ್ಡದು.

1981ರ ‘ಡಿಫೆಂಡರ್’ ಎಂಬ ಆಟದ ಯಂತ್ರದಲ್ಲಿ ಹೆಚ್ಚು ಅಂಕಗಳ ದಾಖಲೆ ಅಳಿಯದಂತೆ ಮೂರು ಪೆನ್ಸಿಲ್ ಸೆಲ್ಲುಗಳನ್ನು ಇಟ್ಟಿದ್ದರು. ಮರೆತು ಬಿಟ್ಟ ಸೆಲ್ಲು ಸೋರುತ್ತದೆ. ಆಲ್ಕಲೈನ್ ಸೆಲ್ಲಿನ ಒಳಗಿರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಪ್ರಬಲ ಪ್ರತ್ಯಾಮ್ಲ. ಅದು ತಾಮ್ರದ ಸಣ್ಣ ದಾರಿಗಳನ್ನು ಕೆಡಿಸುತ್ತದೆ. ಗಾಳಿಯ ಕಾರ್ಬನ್ ಡೈಆಕ್ಸೈಡ್ ಸೇರಿ ಬಿಳಿಯ ಕಾರ್ಬೊನೇಟ್ ಪುಡಿಯೂ ಕಟ್ಟುತ್ತದೆ. ಇದಕ್ಕೆ ಮದ್ದು ವಿನೆಗರ್! ಹತ್ತಿಯಲ್ಲಿ ಅದ್ದಿ ಒರೆಸಿದರೆ ನೊರೆ ಬರುತ್ತದೆ. ಆಮ್ಲವು ಪ್ರತ್ಯಾಮ್ಲವನ್ನು ತಟಸ್ಥಗೊಳಿಸುತ್ತದೆ. ಕಪ್ಪಾದ ಸಂಪರ್ಕ ಪಟ್ಟಿಗಳನ್ನು ಹಗುರಾಗಿ ಉಜ್ಜಲು ನಿಮ್ಮ ಕಂಪಾಸಿನಲ್ಲಿರುವ ರಬ್ಬರೇ ಸಾಕು.

ನನಗೆ ಬಹಳ ಸೋಜಿಗ ಎನಿಸುವುದು ನೆನಪಿನ ಚಿಪ್ಪುಗಳು. ಹಲವು ಯಂತ್ರಗಳಲ್ಲಿ ಆಟದ ಆದೇಶಗಳನ್ನು ‘ಇಪ್ರಾಮ್’ ಎಂಬ ಚಿಪ್ಪಿನಲ್ಲಿ ಬರೆದಿರುತ್ತಾರೆ. ಅದರ ಮೇಲೊಂದು ಪುಟ್ಟ ಗಾಜಿನ ಕಿಟಕಿ, ಕಿಟಕಿಗೆ ಅಂಟಿಸಿದ ಕಾಗದ. ಆ ಕಾಗದ ಅಂದಕ್ಕಲ್ಲ. ಒಳಗೆ ಎಲೆಕ್ಟ್ರಾನುಗಳನ್ನು ಕೂಡಿಹಾಕಿ ಮಾಹಿತಿ ಇಟ್ಟಿರುತ್ತಾರೆ. ಅತಿನೇರಳೆ ಕಿರಣ ಬಿದ್ದರೆ ಅವು ಶಕ್ತಿ ಪಡೆದು ತಪ್ಪಿಸಿಕೊಳ್ಳುತ್ತವೆ. ಕಾಗದ ಉದುರಿ ನೇರ ಬಿಸಿಲು ಬಿದ್ದರೆ ಸುಮಾರು ಒಂದು ವಾರದಲ್ಲಿ ಚಿಪ್ಪು ಎಲ್ಲ ಮರೆತುಬಿಡುತ್ತದೆ. ಹಾಗಾಗಿ ತಿಳಿದವರು ಮೊದಲು ಚಿಪ್ಪನ್ನು ಓದಿ ನಕಲು ತೆಗೆದಿಡುತ್ತಾರೆ. ಸ್ಪೇಸ್ ಇನ್ವೇಡರ್ಸ್ ಆಟದ ಆದೇಶಗಳೆಲ್ಲ ಸೇರಿ 8 ಕಿಲೋಬೈಟ್ ಮಾತ್ರ. ಇಂದಿನ ಮೊಬೈಲಿನ ಒಂದು ಫೋಟೋಗೆ ಇದರ ನೂರಾರು ಪಟ್ಟು ಜಾಗ ಬೇಕು! 1997ರಲ್ಲಿ ಇಟಲಿಯ ನಿಕೋಲಾ ಸಾಲ್ಮೋರಿಯಾ ಅವರು ‘ಮೇಮ್’ ಎಂಬ ತಂತ್ರಾಂಶವನ್ನು ಹೊರತಂದರು. ಇಂಥ ಹಳೆಯ ಆಟಗಳು ಸಾಮಾನ್ಯ ಕಂಪ್ಯೂಟರಿನಲ್ಲಿಯೂ ಉಳಿದಿರುವುದು ಇದರಿಂದ.

ಮರದ ಕೆಲಸ ಬಡಗಿಗೆ ಬಿಟ್ಟದ್ದು. ನೆಲದ ತೇವಕ್ಕೆ ಊದಿದ ಅಡಿಹಲಗೆ ತೆಗೆದು ಬೇರೆ ಹಾಕಿದರಾಯಿತು.

ಚರ್ಚೆಯಿರುವುದು ಪಿಕ್ಚರ್ ಟ್ಯೂಬಿನ ಬಗ್ಗೆ. ಅದನ್ನು ಮಾಡುತ್ತಿದ್ದ ಟಿ.ವಿ. ಕಾರ್ಖಾನೆಗಳು ಮುಚ್ಚಿವೆ. ಟ್ಯೂಬ್ ಸತ್ತರೆ ಹಳೆಯ ಟಿ.ವಿ.ಯಿಂದ ಹೊಂದುವಂಥದ್ದನ್ನು ಹುಡುಕಬೇಕು. ಇಲ್ಲವೇ ಚಪ್ಪಟೆ ಎಲ್‌ಸಿಡಿ ಪರದೆ ಹಾಕಬೇಕು. ಎಲ್‌ಸಿಡಿ ಹಗುರ, ಅಪಾಯ ಕಡಿಮೆ. ಆದರೆ 1979ರ ‘ಆಸ್ಟರಾಯ್ಡ್ಸ್’ ಯಂತ್ರದಲ್ಲಿ ಎಲೆಕ್ಟ್ರಾನು ಕಿರಣವೇ ಪೆನ್ಸಿಲಿನಂತೆ ನೇರ ಗೆರೆ ಎಳೆಯುತ್ತದೆ. ಗೆರೆಗಳು ಕತ್ತಲಲ್ಲಿ ಮಿನುಗುತ್ತವೆ. ಚುಕ್ಕಿಗಳನ್ನು ಜೋಡಿಸಿ ಚಿತ್ರ ಮಾಡುವ ಎಲ್‌ಸಿಡಿಯಲ್ಲಿ ಆ ಹೊಳಪು ಬಾರದು. ನನ್ನನ್ನು ಕೇಳಿದರೆ, ಟ್ಯೂಬ್ ಬದುಕಿರುವವರೆಗೆ ಅದನ್ನೇ ಉಳಿಸಬೇಕು.

ಬದುಕಿದ ಟ್ಯೂಬಿಗೂ ಒಂದು ವಾಸಿಯಾಗದ ಗಾಯವಿರುತ್ತದೆ. ಒಂದೇ ಚಿತ್ರ ವರ್ಷಗಟ್ಟಲೆ ಒಂದೇ ಜಾಗದಲ್ಲಿ ಬೆಳಗಿದರೆ ಅಲ್ಲಿನ ಫಾಸ್ಫರ್ ಸವೆದುಹೋಗುತ್ತದೆ. 1980ರ ‘ಪ್ಯಾಕ್‌ಮ್ಯಾನ್’ ಯಂತ್ರಗಳಲ್ಲಿ ಇದು ಸಾಮಾನ್ಯ. ಅಂಥ ಯಂತ್ರದ ಪ್ಲಗ್ ತೆಗೆದು ಗಾಜನ್ನು ಹತ್ತಿರದಿಂದ ನೋಡಿದರೆ, ಆಟದ ಓಣಿಗಳ ಗೆರೆಗಳು ಮಸುಕಾಗಿ ಹಾಗೆಯೇ ಕಾಣುತ್ತವೆ.